ಜೇಬಿಲ್ಲದ ಲಂಗ

ಆ ಬೀದಿಯಲ್ಲಿ ಬೇರೆ ದರ್ಜಿಗಳೂ ಇದ್ದರು. ಆದರೂ ಜನ ಈ ದರ್ಜಿಯ ಅಂಗಡಿಗೇ ಬರುತ್ತಿದ್ದುದು ಅವನ ಕೈಗಿಂತ ಹೆಚ್ಚಾಗಿ ಬಾಯಿಗಾಗಿ. ಕೈಯೇನೂ ಕಡಿಮೆಯದಲ್ಲ. ಆದರೆ ಟೇಪು ಸೊಂಟ ಸುತ್ತುವ ಮೊದಲೇ ಒಂದು ಮಾತು ಎಸೆದು ಗಿರಾಕಿಯನ್ನು ನಗಿಸುವುದು ಅವನ ಕೆಲಸದ ಕ್ರಮವೇ ಆಗಿತ್ತು. "ಉಸಿರು ಬಿಗಿಹಿಡಿದು ನಿಂತೋರ ಅಂಗಿ ಆಮೇಲೆ ಗುಂಡಿ ಹಾರಿಸುತ್ತೆ. ನಕ್ಕಾಗ ಹೊಟ್ಟೆ ಸುಳ್ಳು ಹೇಳಲ್ಲ," ಎನ್ನುತ್ತಿದ್ದ. ಅದೂ ನಿಜವೇ.

ಹೀಗೆ ದಿನಾ ನಗಿಸಬೇಕಾದವನಿಗೆ ದಿನಾ ಒಂದು ವಸ್ತು ಬೇಕು. ಹೊರಗೆ ಹುಡುಕುವ ತೊಂದರೆಯೇ ಇರಲಿಲ್ಲ, ಮನೆಯಲ್ಲೇ ಮಗಳಿದ್ದಳು.

ಅಂಬೆಗಾಲಿಡುವ ಕಾಲದಿಂದಲೂ ಆ ಹುಡುಗಿಗೆ ಹಸಿವು. ಬೇರೆ ಮಕ್ಕಳ ಹಿಂದೆ ತಾಯಂದಿರು ತುತ್ತು ಹಿಡಿದು ಓಡಿದರೆ, ಇವಳು ಖಾಲಿ ತಟ್ಟೆ ಹಿಡಿದು ತಾಯಿಯ ಹಿಂದೆ ಓಡುತ್ತಿದ್ದಳು. 'ಸಾಕು' ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮೈ ಬೆಳೆಯಿತು. ಅಪ್ಪ ಒಂದೊಂದು ಲಂಗದ ಹೊಲಿಗೆ ಬಿಚ್ಚಿ ಅಗಲ ಮಾಡುವಾಗಲೂ ಒಂದೊಂದು ಮಾತು ಆಡಿದ. ಕೊನೆಗೆ ಅವಳಿಗೆ 'ಕಣಜ' ಎಂದು ಹೆಸರಿಟ್ಟ. ಎಷ್ಟು ಸುರಿದರೂ ತುಂಬುವುದಿಲ್ಲವಂತೆ. ಹೆಸರು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ ಹೋಯಿತು. ಹುಡುಗಿ ಹಾಗೆ ಕರೆದರೂ 'ಹೂಂ' ಎನ್ನುತ್ತಿದ್ದಳು.

"ಮಗು ಕಣ್ರೀ, ಹಸಿವು ಅಂದ್ರೆ ಕೊಡದೆ ಇರೋಕಾಗುತ್ತಾ?" ಎಂದು ಹೆಂಡತಿ ಕೇಳಿದರೆ, "ಎಲ್ಲಾ ನಿನ್ನ ತವರಿನ ಹೊಟ್ಟೆ," ಎಂದು ಬಾಯಿ ಮುಚ್ಚಿಸುತ್ತಿದ್ದ. ಅಡುಗೆಮನೆಯ ಕಪಾಟಿಗೆ ಬೀಗ ಬಿತ್ತು. ಹುಡುಗಿ ಬ್ರೆಡ್ಡಿನ ತುಂಡುಗಳನ್ನು ಲಂಗದ ಜೇಬಿನಲ್ಲಿ ಬಚ್ಚಿಡತೊಡಗಿದಳು. ಗೊತ್ತಾದ ದಿನ ಅಪ್ಪ ಬೇರೆಯವರಂತೆ ಹೊಡೆಯಲಿಲ್ಲ, ಬಡಿಯಲಿಲ್ಲ. ಅವಳ ಲಂಗಗಳನ್ನೆಲ್ಲ ಅಂಗಡಿಗೆ ತಂದು ಜೇಬುಗಳನ್ನು ಬಿಚ್ಚಿ ತೆಗೆದ. ಜೇಬಿತ್ತೆಂಬ ಗುರುತೂ ಉಳಿಯದಂತೆ ಹೊಲಿದ. ಆ ನಾಜೂಕನ್ನು ಗಿರಾಕಿಗಳಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡ.

ಒಂದು ಮಧ್ಯಾಹ್ನ ಅವಳು ಅಪ್ಪನ ಊಟದ ಡಬ್ಬಿ ತಂದಳು. ದಾರಿಯಲ್ಲಿ ಅರ್ಧ ತಿಂದಿದ್ದಳು. ಅಂಗಡಿ ತುಂಬ ಜನ. ದರ್ಜಿ ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ಡಬ್ಬಿ ಎತ್ತಿ ಹಿಡಿದು, "ನೋಡ್ರಪ್ಪಾ, ನನ್ನ ಮಗಳಿಗೆ ಹೆದರಿ ಡಬ್ಬೀನೂ ಹೊಟ್ಟೆ ಒಳಕ್ಕೆ ಎಳ್ಕೊಂಡಿದೆ!" ಎಂದ. ಎದುರಿನ ಗುಂಡಿ ಅಂಗಡಿಯವನು ಬಟ್ಟೆ ಕತ್ತರಿಸುವ ಮೇಜನ್ನು ಹಿಡಿದುಕೊಂಡು ಬಿದ್ದೂ ಬಿದ್ದೂ ನಕ್ಕ. ಹುಡುಗಿ ನೆಲದ ಮೇಲಿನ ದಾರದ ಚೂರುಗಳನ್ನು ಆರಿಸುತ್ತಾ ತಾನೂ ನಕ್ಕಳು. ಮಗಳಿಗೆ ಬೇಜಾರಿಲ್ಲವೆಂದು ಅಪ್ಪ ಲೆಕ್ಕ ಹಾಕಿದ. ಅವನಿಗೆ ಅನುಕೂಲವಾದ ಲೆಕ್ಕ.

ಆಮೇಲೆ ಅವಳು ಎಡವತೊಡಗಿದಳು. ಸಂಜೆಯಾದರೆ ಸಾಕು, ಬಾಗಿಲ ಚೌಕಟ್ಟು, ಕುರ್ಚಿಯ ಕಾಲು, ಯಾವುದಕ್ಕಾದರೂ ಡಿಕ್ಕಿ. "ಕಣ್ಣೇನು ಹಣೆ ಮೇಲಿದೆಯಾ?" ಎಂದು ಅಪ್ಪ ರೇಗಿದ. ಮುಸ್ಸಂಜೆಯಲ್ಲಿ ಮೆಟ್ಟಿಲು ತಪ್ಪಿ ಗಲ್ಲ ಒಡೆದುಕೊಂಡಾಗ ಹೆಂಡತಿ ಅವನ ಮಾತಿಗೆ ಕಾಯಲಿಲ್ಲ. ಅವಳು ಮಗಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು, ಅವನೂ ಹಿಂದೆ ಹೋದ.

ಕಣ್ಣಿನ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಕೈ ಹಿಡಿದು ಕಿರುಬೆರಳ ಅಂಚಿನ ಪುಟ್ಟ ಗಂಟನ್ನು ಸವರಿದರು.

"ಹುಟ್ಟಿದಾಗ ಆರು ಬೆರಳಿತ್ತಾ?"

"ಎರಡೂ ಕೈಯಲ್ಲಿತ್ತು. ನರ್ಸು ದಾರ ಕಟ್ಟಿದ್ರು, ಉದುರಿಹೋಯ್ತು," ಎಂದಳು ತಾಯಿ.

"ಊಟ ಹೇಗೆ?"

"ಅದೊಂದು ಕೇಳಬೇಡಿ ಡಾಕ್ಟ್ರೇ, ನಾವು ಮನೇಲಿ ಮಗಳಲ್ಲ, ಕಣಜ ಸಾಕ್ತಿದೀವಿ," ಎಂದು ದರ್ಜಿ ನಕ್ಕ. ಡಾಕ್ಟರು ನಗಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು.

ದೊಡ್ಡ ಆಸ್ಪತ್ರೆಯವರು ಮೂವರ ರಕ್ತವನ್ನೂ ತೆಗೆದುಕೊಂಡರು. ಕೆಲವು ವಾರಗಳ ಮೇಲೆ ಅಲ್ಲಿಯ ಡಾಕ್ಟರಮ್ಮ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು.

"ನಮ್ಮ ಮೈಯಲ್ಲಿ ಹೆಚ್ಚು ಕಡಿಮೆ ಪ್ರತಿಯೊಂದು ಜೀವಕೋಶದ ಮೇಲೂ ಒಂದೇ ಒಂದು ಕೂದಲಿನಂಥದ್ದು ಇರುತ್ತೆ. ಪ್ರೈಮರಿ ಸಿಲಿಯಂ ಅಂತಾರೆ. ಬರಿಗಣ್ಣಿಗೆ ಕಾಣಲ್ಲ. ಅದನ್ನ ಕೋಶದ ಕಿವಿ ಅಂತಿಟ್ಕೊಳ್ಳಿ. ಬೇರೆ ಕೋಶಗಳು ಕಳಿಸೋ ಎಷ್ಟೋ ಸುದ್ದಿ ಮೊದಲು ಅಲ್ಲಿಗೇ ಬರೋದು. ಬಸಿರಲ್ಲಿರೋ ಮಗುಗೆ ಬೆರಳು ಎಷ್ಟಿರಬೇಕು ಅನ್ನೋ ಸುದ್ದಿ ಕೂಡ. ನಿಮ್ಮ ಮಗಳಲ್ಲಿ ಅದು ಸರಿಯಾಗಿ ಕೆಲಸ ಮಾಡ್ತಿಲ್ಲ. ಬೆರಳು ಜಾಸ್ತಿ ಬಂದಿದ್ದು ಅದಕ್ಕೇ. ಕಣ್ಣಲ್ಲಿ ಬೆಳಕು ಹಿಡಿಯೋ ಕೋಶಕ್ಕೂ ಅಂಥದ್ದೇ ಒಂದು ಬೇಕು. ಕತ್ತಲಲ್ಲಿ ಕಾಣೋದು ಮೊದಲು ಹೋಗುತ್ತೆ, ನಿಧಾನಕ್ಕೆ ಹಗಲಲ್ಲೂ. ಮೂತ್ರಪಿಂಡವನ್ನೂ ಆಗಾಗ ಪರೀಕ್ಷೆ ಮಾಡಿಸ್ತಾ ಇರಬೇಕು."

"ಹಸಿವು?" ಎಂದಳು ತಾಯಿ.

"ಮೈಯಲ್ಲಿರೋ ಕೊಬ್ಬು 'ಇನ್ನು ಸಾಕು' ಅಂತ ಮಿದುಳಿಗೆ ಸುದ್ದಿ ಕಳಿಸುತ್ತೆ. ನಮಗೆಲ್ಲ ಅದು ಕೇಳಿಸುತ್ತೆ. ಇವಳ ಮಿದುಳಿಗೆ ಸರಿಯಾಗಿ ಮುಟ್ಟಲ್ಲ. ಉಂಡು ಕೈ ತೊಳೆದ ಮೇಲೂ ಹಸಿವೇ. ನಾಟಕ ಅಲ್ಲ, ಆಸೆಬುರುಕತನ ಅಲ್ಲ."

ದರ್ಜಿಯ ಹಳೆಯ ನಾಲಿಗೆ ಎಲ್ಲಿಗೆ ಹೋದೀತು? "ಇವಳ ತವರಿನ ಕಡೆಯಿಂದ ಬಂದಿರಬೇಕು," ಎಂದ.

"ಇಬ್ಬರಿಂದಲೂ ಬಂದ್ರೇನೇ ಈ ಕಾಯಿಲೆ. ಅರ್ಧ ನಿಮ್ಮದು," ಎಂದರು ಡಾಕ್ಟರಮ್ಮ. ಹೆಂಡತಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಮನೆಗೆ ಹೋಗಿ ಬೀಗ ಕಿತ್ತೆಸೆದು ಮಗಳಿಗೆ ಹೊಟ್ಟೆ ತುಂಬ ಬಡಿಸೋಣವೆಂದರೆ ಆ ಸಮಾಧಾನಕ್ಕೂ ದಾರಿಯಿರಲಿಲ್ಲ. ಊಟಕ್ಕೆ ಮಿತಿ ಬೇಕೇ ಬೇಕು, ಬೈಗುಳ ಬೇಡ ಎಂದಿದ್ದರು. ಅವನು ಮಗಳ ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿಸಿಕೊಂಡದ್ದನ್ನೆಲ್ಲ ತಡವರಿಸುತ್ತಾ ಹೇಳಿದ. ಕಣ್ಣಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಕಣ್ಣಿನ ಬಗ್ಗೆ ಏನೂ ಕೇಳಲಿಲ್ಲ.

"ಹಾಗಾದ್ರೆ ನಾನು ಹೊಟ್ಟೆಬಾಕಿ ಅಲ್ವಾ?"

"ಅಲ್ಲಮ್ಮ. ತಪ್ಪಾಯ್ತು."

"ಅದನ್ನ ಅಂಗಡೀಲಿ ಹೇಳಿ. ನಾನಿದ್ದಾಗ ಹೇಳಿ."

ಹೇಳುತ್ತೇನೆ ಎಂದ. ಇಲ್ಲಿ ದರ್ಜಿಯ ಪರವಾಗಿ ಒಂದು ಮಾತು ಆಡೋಣವೆಂದರೆ ಏನೂ ಸಿಗುವುದಿಲ್ಲ. ಗಿರಾಕಿಗಳು ತುಂಬಿದ್ದರೆ ಇಷ್ಟು ಜನರೆದುರು ಹೇಗೆ ಎಂದುಕೊಂಡ, ಇಲ್ಲದಿದ್ದರೆ ಯಾರಿಗೆ ಹೇಳಲಿ ಎಂದುಕೊಂಡ. ಶಾಲೆಯ ಸಮವಸ್ತ್ರಗಳ ಅವಸರವನ್ನು ಮುಂದೆ ಮಾಡಿದ. ಗುಂಡಿ ಅಂಗಡಿಯವನು "ಕಣಜ ಹೇಗಿದೆಯಪ್ಪಾ?" ಎಂದು ಕೇಳಿದಾಗ ನಾಚಿಕೆಯಿಂದ ಹಿಡಿಯಾಗಿ ಹೋದ, ಆದರೂ "ಚೆನ್ನಾಗಿದೆ" ಎಂದ. ಆ ಉತ್ತರಕ್ಕೆ ಆಮೇಲೆ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕುಳಿತು ತನ್ನನ್ನೇ ಶಪಿಸಿಕೊಂಡ.

ಕೊನೆಗೆ ಮಗಳೇ ಬಂದಳು. ಬಿಸಿಲಿನಿಂದ ಅಂಗಡಿಯೊಳಗಿನ ಮಬ್ಬಿಗೆ ಕಾಲಿಟ್ಟವಳು ಗೋಡೆ ಹಿಡಿದು ಸ್ಟೂಲು ಹುಡುಕಿ ಕುಳಿತಳು. ಗುಂಡಿ ಅಂಗಡಿಯವನಿದ್ದ, ಶಾಲೆಯ ಮೇಷ್ಟರೊಬ್ಬರಿದ್ದರು, ರವಿಕೆ ಕೊಡಲು ಬಂದ ಹೆಂಗಸರಿದ್ದರು. ಕಣಜ ಬಂತು, ಇನ್ನು ತಮಾಷೆ ಶುರು ಎಂಬಂತೆ ಎಲ್ಲರೂ ದರ್ಜಿಯ ಬಾಯಿ ನೋಡಿದರು.

ಅವನು ಕತ್ತರಿ ಕೆಳಗಿಟ್ಟ. "ನನ್ನ ಮಗಳಿಗೆ ಒಂದು ಕಾಯಿಲೆ ಇದೆ. ಎಷ್ಟು ತಿಂದ್ರೂ ಅವಳ ಮಿದುಳಿಗೆ ಸಾಕು ಅನ್ನೋದು ಕೇಳಿಸಲ್ಲ," ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟರು ಕಣ್ಣೊರೆಸಿಕೊಂಡು, "ಆಮೇಲೆ?" ಎಂದರು.

"ತಮಾಷೆ ಅಲ್ಲ! ಹುಟ್ಟಿನಿಂದ ಇದೆ. ಅವಳಿಗೆ ನಿಜವಾಗ್ಲೂ ಹಸಿವು. ಕಣ್ಣೂ ಹೋಗ್ತಾ ಇದೆ. ನಾನು ಅವಳನ್ನ ಆಡ್ಕೊಂಡೆ. ನಿಮ್ಮ ಕೈಲೂ ಆಡಿಸಿದೆ. ಇನ್ನು ಯಾರೂ ಹಾಗೆ ಕರೀಬೇಡಿ, ಕೈ ಮುಗೀತೀನಿ." ದನಿ ಒಡೆದ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು. ಹೆಂಗಸರು ರವಿಕೆಯ ಬಟ್ಟೆ ಮಡಚತೊಡಗಿದರು.

ಗುಂಡಿ ಅಂಗಡಿಯವನ ಮುಖ ಕಪ್ಪಿಟ್ಟಿತು. "ನಾವೇನೋ ಹೊರಗಿನೋರು, ನೀನು ನಗಿಸಿದೆ, ನಕ್ವಿ," ಎಂದ. "ಹೆತ್ತ ಅಪ್ಪ ನೀನು. ಮಗು ಅಷ್ಟು ಹಸ್ಕೊಂಡಿದೆ ಅಂತ ಗೊತ್ತಾಗದಿದ್ರೂ ಹೋಗ್ಲಿ, ನಾಲ್ಕು ಜನರ ಮುಂದೆ ಯಾಕೆ ಆಡ್ಕೊಂಡೆ?"

ಮಗಳು ಅಪ್ಪನ ದನಿ ಬಂದಿದ್ದ ಕಡೆಗೆ ಮುಖ ತಿರುಗಿಸಿ ಕಾಯುತ್ತಿದ್ದಳು. ಅವಳಿಗೂ ಇದೇ ಪ್ರಶ್ನೆಗೆ ಉತ್ತರ ಬೇಕಾಗಿತ್ತೆಂದು ದರ್ಜಿಗೆ ಆಗ ಹೊಳೆಯಿತು.

"ನೀವು ನಗ್ತಿದ್ರಿ," ಎಂದ ಅವನು, "ಅದಕ್ಕೆ."