ಅಕ್ಕೋರು ಕಟ್ಟಿದ ತುರುಬು

ಮೊನ್ನೆ ಜೇವರ್ಗಿಯ ಸಂತೆಯಲ್ಲಿ ಕಂಬಳಿ ಮಾರುವವನೊಬ್ಬನ ಮುಂದೆ ನಿಂತಿದ್ದೆ. ಇದರಲ್ಲಿ ನೈಲಾನ್ ಬೆರೆಸಿದ್ದೀಯಲ್ಲ ಎಂದು ಸುಮ್ಮನೆ ಕೆಣಕಿದ್ದಕ್ಕೆ ಅವನಿಗೆ ರೋಷ ಉಕ್ಕಿತು. ಅಂಚಿನಿಂದ ಒಂದೆಳೆ ಕಿತ್ತು, ಜೇಬಿನಿಂದ ಲೈಟರ್ ತೆಗೆದು ಹಚ್ಚಿಯೇ ಬಿಟ್ಟ. ನೈಲಾನ್ ಆದರೆ ಕರಗಿ ಗುಂಡಗಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯಾಗುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಂಬಳಿಯೂ ಬೇಡ ಏನೂ ಬೇಡ ಎಂದು ಹೊರಟುಬಿಟ್ಟೆ. ಅವನು ಹಿಂದಿನಿಂದ ಏನೇನೋ ಅಂದ... ನನ್ನ ಕಿವಿಯಲ್ಲಿದ್ದದ್ದು ಅಫಜಲಪುರದ ಅಕ್ಕೋರ ದನಿ.

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತೇವೆ. ಇವರು ಶಾಲೆಯ ಅಕ್ಕೋರಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲೇ ಹುಡುಗಿಯರಿಗೆ ಕೈಕೆಲಸ ಕಲಿಸುತ್ತಿದ್ದರು. ಸೊಲ್ಲಾಪುರದಲ್ಲಿ ಇದ್ದಾಗ ಕಲಿತು ಬಂದದ್ದಂತೆ. ಗಂಡ ಇದ್ದನೋ, ಬಿಟ್ಟನೋ, ಸತ್ತನೋ, ಕೇಳುವ ಎದೆ ಯಾರಿಗೂ ಇರಲಿಲ್ಲ. ಜನ ಸತ್ತ ಕೂಡಲೇ ಒಳ್ಳೆಯವರಾಗಿಬಿಡುತ್ತಾರೆ, ನೋಡಿದ್ದೇನೆ. ನಾನು ಅವರನ್ನು ಹಾಗೆ ಮಾಡುವವಳಲ್ಲ. ಕೆಟ್ಟ ಹೆಂಗಸು. ಕೈ ಮಾತ್ರ ಬಂಗಾರದ್ದು.

ನನ್ನನ್ನು ಅಲ್ಲಿಗೆ ಹಾಕಿದವಳು ನಮ್ಮ ಸೋದರತ್ತೆ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಗೊಬ್ಬೂರಿನ ಮನೆಯಲ್ಲಿ ನನ್ನನ್ನು ಸಾಕಿದವಳು ಈ ಸೋದರತ್ತೆಯೇ. ಸರಸಂಬಾದ ಕಡೆಯಿಂದ ನನಗೆ ಗಂಡು ಗೊತ್ತಾಗಿತ್ತು. ಅದು ಮಹಾರಾಷ್ಟ್ರದ ಗಡಿಯ ಊರು, ಅವರಿಗೆ ರುಖವತ ಬೇಕೇ ಬೇಕು. ಅಂದರೆ ಲಗ್ನದ ದಿನ ಹುಡುಗಿ ತನ್ನ ಕೈಯಾರೆ ಮಾಡಿದ ಸಾಮಾನನ್ನೆಲ್ಲ ಮಂಟಪದ ಬದಿಗೆ ಜೋಡಿಸಿಡಬೇಕು, ಬೀಗರ ಹೆಂಗಸರು ಬಂದು ಒಂದೊಂದನ್ನೇ ಎತ್ತಿ ನೋಡಿ ಮಾತಾಡಬೇಕು. ನನಗೆ ನೆಟ್ಟಗೆ ಒಂದು ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಸೂಜಿ ಹಿಡಿಯಲು ಬಾರದ ಕೈಗೂ ಒಂದು ಕೆಲಸವಿದೆ, ಅಕ್ಕೋರ ಹತ್ತಿರ ಉಣ್ಣೆಯ ಚಿತ್ರ ಕಲಿ ಎಂದು ಅತ್ತೆ ದಿನಾ ಬಸ್ಸು ಹತ್ತಿಸಿದಳು.

ಕೆಲಸ ನೋಡಲು ಸಲೀಸು. ಕುರಿಯ ಉಣ್ಣೆ ತೊಳೆದು, ಬಣ್ಣ ಹಾಕಿ, ನೆರಳಲ್ಲಿ ಒಣಗಿಸಿ, ಹೊಗೆಯಷ್ಟು ತೆಳ್ಳಗೆ ಹಿಂಜಬೇಕು. ರಟ್ಟಿನ ಹಲಗೆಯ ಮೇಲೆ ಬಟ್ಟೆ ಬಿಗಿದು ಅದರ ಮೇಲೆ ಆ ಎಳೆಗಳನ್ನು ಒಂದರ ಮೇಲೊಂದು ಹಾಸುತ್ತ ಹೋಗಬೇಕು. ಮೊದಲು ಆಕಾಶ, ಆಮೇಲೆ ಹೊಲ, ಗಿಡ, ಕಡೆಗೆ ಹೂವು. ದಾರವಿಲ್ಲ, ಅಂಟಿಲ್ಲ, ನೀರಿಲ್ಲ. ಎಲ್ಲ ಮುಗಿದ ಮೇಲೆ ಗಾಜು ಹೇರಿ ಕಟ್ಟು ಹಾಕುತ್ತಾರೆ. ಆ ಗಾಜಿನ ಭಾರವೇ ಚಿತ್ರವನ್ನು ಹಿಡಿದಿಡುವುದು. ಗಾಜು ಬೀಳುವವರೆಗೆ ಒಂದು ಸೀನು ಬಂದರೂ ಹೊಲ, ಗಿಡ, ಆಕಾಶ ಎಲ್ಲ ಹಾರಿಹೋಯಿತೆಂದೇ ಲೆಕ್ಕ. ನಾವು ದುಪಟ್ಟಾ ಬಾಯಿಗೆ ಸುತ್ತಿಕೊಂಡು ಕಳ್ಳರಂತೆ ಕೂತಿರುತ್ತಿದ್ದೆವು.

ಪಡಸಾಲೆಯ ಮೂಲೆಯಲ್ಲಿ ಒಂದು ಟೇಬಲ್ ಫ್ಯಾನಿತ್ತು. ಏಪ್ರಿಲ್ ತಿಂಗಳ ಬಿಸಿಲಲ್ಲೂ ಅದನ್ನು ನಮಗಾಗಿ ಹಾಕಿದವರಲ್ಲ ಅಕ್ಕೋರು. ಅದು ಇದ್ದದ್ದು ಚಿತ್ರಗಳಿಗಾಗಿ. ಸಂಜೆ ಒಬ್ಬೊಬ್ಬರ ಹಲಗೆಯನ್ನೂ ಬಗ್ಗಿ ನೋಡುವರು. ಮನಸ್ಸಿಗೆ ಬಂದರೆ ಗಾಜು. ಬರದಿದ್ದರೆ ಫ್ಯಾನಿನ ಮುಖ ಆ ಕಡೆ ತಿರುಗಿಸಿ ಗುಂಡಿ ಒತ್ತುವರು. ಇಡೀ ದಿನದ ಕೆಲಸ ಗೋಡೆಗೆ, ತಲೆಗೆ, ಕಣ್ಣಿಗೆ ಹೋಗಿ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಆ ಹುಡುಗಿಯೇ ನೆಲಕ್ಕೆ ಕೂತು ಬಣ್ಣಬಣ್ಣದ ಎಳೆ ಆರಿಸಿ ಬೇರೆ ಬೇರೆ ಮಾಡಿಡಬೇಕು, ಅಳುತ್ತ. ಅಕ್ಕೋರು ಚಹಾ ಕುಡಿಯುತ್ತ ನೋಡುತ್ತಿದ್ದರು. ನನ್ನ ಚಿತ್ರಗಳು ಎಷ್ಟು ಹಾರಿದವೋ ದೇವರಿಗೇ ಗೊತ್ತು. ಒಂದು ಸಲ ಒಂದು ನವಿಲು ಹಾರಿತು, ಅದಕ್ಕೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.

ಲಗ್ನ ಹತ್ತಿರ ಬಂತು. ರುಖವತದಲ್ಲಿ ಎಲ್ಲರಂತೆ ಗಿಳಿ, ಹೂವಿನ ಕುಂಡ ಇಡುವ ಮನಸ್ಸು ನನಗಿರಲಿಲ್ಲ. ನನಗೆ ಅವ್ವ ಬೇಕಾಗಿತ್ತು. ಅವ್ವನದು ಒಂದೂ ಫೋಟೋ ಇರಲಿಲ್ಲ, ಮುಖ ನನಗೆ ನೆನಪಿರಲಿಲ್ಲ. ಇದ್ದದ್ದು ಬೆನ್ನು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಬೆನ್ನು, ಅದರ ಮೇಲೆ ದೊಡ್ಡ ತುರುಬು. ಬೆನ್ನಿಗೆ ಕಣ್ಣು ಮೂಗು ಬೇಡ, ನನ್ನಂಥ ಹೊಸಬಳೂ ಮಾಡಬಹುದು. ಕೆಂಪು ಉಣ್ಣೆಯಲ್ಲಿ ಸೀರೆ ಹಾಸಿದೆ, ಒಲೆಗೆ ಹಳದಿ ಇಟ್ಟೆ. ತುರುಬಿಗೆ ಮಾತ್ರ ಉಣ್ಣೆ ಇಡಲಿಲ್ಲ.

ನಮ್ಮ ಹೆಂಗಸರು ತಲೆ ಬಾಚಿದಾಗ ಬಂದ ಕೂದಲನ್ನು ಬಿಸಾಡುವುದಿಲ್ಲ. ಸುರುಳಿ ಸುತ್ತಿ ಗೋಡೆಯ ಸಂದಿಯಲ್ಲಿ ತುರುಕಿಡುತ್ತಾರೆ. ಕೂದಲು ಕೊಳ್ಳುವವಳು ಬಂದಾಗ ಕೊಟ್ಟು ಪಿನ್ನೋ ಡಬ್ಬಿಯೋ ತೆಗೆದುಕೊಳ್ಳುತ್ತಾರೆ. ಅವ್ವ ಸತ್ತ ಎಷ್ಟೋ ದಿನಕ್ಕೆ ಬಚ್ಚಲಮನೆಯ ಗೋಡೆ ಬಳಿಯುವಾಗ ಒಂದು ಸುರುಳಿ ಸಿಕ್ಕಿತ್ತು. ಅತ್ತೆಯ ಕೂದಲು ಗುಂಗುರು, ಇದು ನೆಟ್ಟಗಿತ್ತು, ಕರ್ರಗಿತ್ತು. ಪೌಡರ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಅವ್ವನದೆಂದು ನನ್ನ ಹತ್ತಿರ ಈ ಲೋಕದಲ್ಲಿದ್ದದ್ದು ಅದೊಂದೇ. ಅದನ್ನೇ ತೊಳೆದು ಬಿಡಿಸಿ, ಸುತ್ತಿ, ತುರುಬು ಮಾಡಿ ಆ ಬೆನ್ನಿನ ಮೇಲಿಟ್ಟೆ. ಗಾಜಿನೊಳಗೆ ಕೂತು ಅವ್ವ ನನ್ನ ಜೊತೆ ಗಂಡನ ಮನೆಗೆ ಬರುತ್ತಾಳೆ ಎಂಬ ಹುಚ್ಚು ಸಂತೋಷ ನನಗೆ.

ಆ ಸಂಜೆ ಅಕ್ಕೋರು ನನ್ನ ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಕೈ ಫ್ಯಾನಿನ ಕಡೆ ಹೋಗಲಿಲ್ಲ. ಉಳಿದ ಹುಡುಗಿಯರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಗಾಜು ತರಲು ಹೇಳುತ್ತಾರೆ ಅಂದುಕೊಂಡೆ. ಅವರು ಬಗ್ಗಿ ತುರುಬನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು. ಉಣ್ಣೆ ಬೆರಳಿಗೆ ಕಚ್ಚುತ್ತದೆ, ಕೂದಲು ಜಾರುತ್ತದೆ. ಆ ಕೈಗೆ ತಿಳಿಯದೆ ಇರುತ್ತದೆಯೇ?

"ಯಾರ್ದಿದು?" ಅಂದರು.

"ಅವ್ವಂದ್ರಿ," ಅಂದೆ.

"ಸತ್ತಾಕಿ ಕೂದ್ಲಾ ತಂದು ಲಗ್ನದ ಮನ್ಯಾಗ ಇಡ್ತಿ ಏನ್ ಬೇ? ನಾಳಿ ಗಂಡನ ಮನ್ಯಾಗ ನಿನ್ನ ಅತ್ತಿ ಕೈಯಾಗ ಸಿಕ್ರ ಬಾಗಲ್ದಾಗಿಂದೇ ವಾಪಸ್ ಕಳಸ್ತಾಳ."

ತುರುಬನ್ನು ಹಾಗೇ ಇಡಿಯಾಗಿ ಎತ್ತಿಕೊಂಡು ಒಳಗೆ ಹೋದರು. ಒಲೆಯ ಮೇಲೆ ಚಹಾ ಇತ್ತು. ಬೇಡ್ರಿ ಅಕ್ಕೋರೇ, ವಾಪಸ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ, ಯಾರಿಗೂ ತೋರಿಸುವುದಿಲ್ಲ ಎಂದು ನಾನು ಹಿಂದೆಯೇ ಓಡಿ ಕಾಲು ಹಿಡಿದೆ. ಕಾಲು ಕೊಡವಿದರು. ಒಲೆಗೆ ಹಾಕಿ, ಅದು ಚುರುಚುರು ಅಂದು ಮುಗಿಯುವವರೆಗೆ ಅಲ್ಲೇ ನಿಂತರು. ನನ್ನ ಮುಖಕ್ಕೆ ಬೆನ್ನು ಹಾಕಿ ನಿಂತಿದ್ದರೆ ಏನು ಹೋಗುತ್ತಿತ್ತೋ... ಇಲ್ಲ, ನನ್ನನ್ನು ನೋಡುತ್ತಲೇ ನಿಂತರು. ಮನೆ ತುಂಬ ಆ ವಾಸನೆ. ಒಬ್ಬ ಹುಡುಗಿ ಮೂಗು ಮುಚ್ಚಿಕೊಂಡು ನಕ್ಕಳು.

ಆಮೇಲೆ ಪಡಸಾಲೆಗೆ ಬಂದು, ಒಂದು ಹಿಡಿ ಕರಿ ಉಣ್ಣೆ ಹಿಂಜಿ, ಸುತ್ತಿ, ತಿರುವಿ, ನನ್ನ ಅವ್ವನ ಬೆನ್ನಿನ ಮೇಲೆ ತಾವೇ ತುರುಬು ಕಟ್ಟಿದರು. ಚಹಾ ಆರುವುದರೊಳಗೆ ಮುಗಿಯಿತು. ನಾನು ಇಡೀ ದಿನ ಕೂತು ಮಾಡಿದ್ದಕ್ಕಿಂತ ಚಂದ ಬಂದಿತ್ತು, ಸುಡಲಿ. ಕೂಡಲೇ ಗಾಜು ಹೇರಿದರು.

ರುಖವತದಲ್ಲಿ ಬೀಗರ ಹೆಂಗಸರು ಉಳಿದ ಸಾಮಾನನ್ನು ಕಣ್ಣೆತ್ತಿ ನೋಡಲಿಲ್ಲ. ಎಲ್ಲರೂ ಆ ಚಿತ್ರದ ಸುತ್ತ. ಗಂಡನ ತಾಯಿ, ನಮ್ಮ ಅತ್ತೆಯವರು, ಗಾಜಿಗೆ ಮೂಗು ಹಚ್ಚಿ ನೋಡಿ, "ತುರುಬು ಖರೇ ಕೂದ್ಲಾ ಇದ್ದಂಗ ಅದ ನೋಡ್ರಿ," ಅಂದರು. ಅರಿಶಿನ ಮೆತ್ತಿದ ಮುಖದಲ್ಲಿ ನಾನು ನಗಬೇಕಾಯಿತು. ಸೊಸೆ ಕೈಗುಣದವಳು ಎಂದು ಸರಸಂಬಾದ ಮನೆಯಲ್ಲಿ ಅದನ್ನು ನಡುಮನೆಗೆ ಹಾಕಿದರು. ಬಂದವರಿಗೆಲ್ಲ ತೋರಿಸಿದರು. ಇಪ್ಪತ್ತು ವರ್ಷದ ಮೇಲಾಯಿತು, ಇನ್ನೂ ಅಲ್ಲೇ ಇದೆ.

ಅಕ್ಕೋರಿಗೆ ಲಕ್ವ ಹೊಡೆದಿದೆ ಎಂದು ಹೋದ ವರ್ಷ ಗೊತ್ತಾದಾಗ ನೋಡಲು ಹೋದೆ. ಮರುಕದಿಂದಲ್ಲ. ಎದುರಿಗೆ ಕೂತು ಕೇಳಬೇಕಿತ್ತು, ಅಷ್ಟೇ. ಅದೇ ಪಡಸಾಲೆಯಲ್ಲಿ ಮಂಚದ ಮೇಲೆ ಬಿದ್ದಿದ್ದರು, ಬಲಗೈ ಸತ್ತು ಹೊದಿಕೆಯ ಮೇಲೆ ಮಲಗಿತ್ತು. ನೋಡಿಕೊಳ್ಳುತ್ತಿದ್ದ ತಂಗಿಯ ಮಗಳು ಚಹಾಕ್ಕೆ ಎದ್ದಳು. ನಾನು ಊರು ಹೇಳಿದೆ, ಚಿತ್ರ ಹೇಳಿದೆ, ಕೂದಲು ಸುಟ್ಟದ್ದು ಹೇಳಿದೆ. ಕ್ಷಮೆ ಕೇಳುತ್ತಾರೆ ಎಂದು ನಾನೇನೂ ಕಾದಿರಲಿಲ್ಲ. ಸುಳ್ಳು... ಕಾದಿದ್ದೆ. ಅವರಿಗೆ ನನ್ನ ನೆನಪೇ ಇರಲಿಲ್ಲ. ತೊದಲುವ ನಾಲಿಗೆಯಲ್ಲಿ ಅಂದರು:

"ಸುಟ್ಟಿರಬೇಕು. ಸುಡದ ಏನ್ ಮಾಡ್ಲಿ? ಬಾಳೇವು ಮಾಡಿದಿಲ್ಲೋ? ನಡಿ ಮತ್ತ."

ಬಾಳೇವು ಮಾಡಿದೆ. ಗಂಡ ಒಳ್ಳೆಯವನು, ಮಕ್ಕಳು ಓದುತ್ತಿದ್ದಾರೆ. ಆ ಕೂದಲು ಗಾಜಿನೊಳಗೆ ಸಿಕ್ಕಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲವೇನೋ, ಅದು ನನಗೂ ಗೊತ್ತು. ಗೊತ್ತಿದ್ದರೇನು? ಡಬ್ಬಿಗೆ ವಾಪಸ್ ಹಾಕಿ ಕೊಡಬಹುದಿತ್ತಲ್ಲ.

ಯುಗಾದಿಯ ಹಿಂದೆಮುಂದೆ ಅವರು ಹೋದರು. ಸುದ್ದಿ ತಿಳಿದಾಗ ಪಾತ್ರೆ ತೊಳೆಯುತ್ತಿದ್ದೆ, ತೊಳೆದು ಮುಗಿಸಿ ಕೂತು ಅತ್ತುಬಿಟ್ಟೆ. ಯಾಕೆ ಅಳುತ್ತೀಯ ಎಂದು ಮಗಳು ಕೇಳಿದಳು. ಅವ್ವನ ಕೂದಲನ್ನು ನನ್ನ ಬಿಟ್ಟರೆ ಮುಟ್ಟಿ ಬಲ್ಲವರು ಅವರೊಬ್ಬರೇ ಇದ್ದರು, ಅವರೂ ಹೋದರು ಎಂದು ಆ ಹುಡುಗಿಗೆ ಹೇಗೆ ಹೇಳಲಿ? ಈಗಲೂ ಕಣ್ಣು ಮುಚ್ಚಿದರೆ ಅವ್ವ ಒಲೆಯ ಮುಂದೆ ಕೂತಿರುತ್ತಾಳೆ. ಬೆನ್ನು ಅವಳದೇ, ರೊಟ್ಟಿ ಬಡಿಯುವ ಕೈಯೂ ಅವಳದೇ. ತುರುಬು ಮಾತ್ರ ಅಕ್ಕೋರು ಕಟ್ಟಿದ್ದು. ಅವ್ವನ ತುರುಬು ಹೇಗಿತ್ತು ಎಂದು ಎಷ್ಟು ತಿಣುಕಿದರೂ ನನಗೀಗ ನೆನಪಾಗುವುದಿಲ್ಲ.