ಸೊನ್ನೆ ಬಂದರೆ ಗೆದ್ದ ಹಾಗೆ

ನನ್ನ ಸೊಸೆಗೆ ಆಸ್ಪತ್ರೆಯ ದನಿಕೋಣೆಯಲ್ಲಿ ಕೆಲಸ. ಗಂಟಲಿನ ಆಪರೇಶನ್ ಆಗಿ ಮಾತು ಹೋಗಲಿರುವವರನ್ನು ಮೊದಲೇ ಅಲ್ಲಿ ಕೂರಿಸಿ, ವಾಕ್ಯಗಳನ್ನು ಓದಿಸಿ, ದನಿ ಹಿಡಿದಿಡುತ್ತಾರೆ. ಆಮೇಲೆ ಅವರು ಬೆರಳಲ್ಲಿ ಒತ್ತಿದ್ದನ್ನು ಯಂತ್ರ ಅವರದೇ ದನಿಯಲ್ಲಿ ಆಡುತ್ತದೆ.

ಆ ದನಿಗಳನ್ನು ಇನ್ನೊಂದು ಡಿಸ್ಕಿಗೆ ಸಾಗಿಸುವ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳ ಪಟ್ಟಿ, ಅವಳೇ ಬರೆದದ್ದು. ಬರೆಯುವಾಗ ಬಾಯಿಬಿಟ್ಟು ಹೇಳಿಕೊಳ್ಳುವುದು ಅವಳ ಅಭ್ಯಾಸ. ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಕೂತ ನಾನು ಹೂಂಗುಟ್ಟಬೇಕು.

"ಅತ್ತೆ, ಸ್ಕ್ರಿಪ್ಟು ಮನೆ ಯಜಮಾನಿ ಇದ್ದ ಹಾಗೆ. ತಾನೇ ಮೂಟೆ ಹೊರಲ್ಲ. ಒಳಗಿಂದಲೇ ಶೆಲ್ಲಿಗೆ ಕೂಗಿ ಕಮಾಂಡ್ ಕೊಡತ್ತೆ. ಇದನ್ನ ಅಲ್ಲಿಗೆ ನಕಲು ಮಾಡು, ಆಮೇಲೆ ಇಲ್ಲಿರೋದನ್ನ ಅಳಿಸು ಅಂತ."

"ಶೆಲ್ಲು ಅಂದ್ರೆ ಆಳಾ?"

"ಆಳೇ. ಕೆಲಸ ಆದ್ರೆ ಸೊನ್ನೆ ಅಂತ ಉತ್ತರ ಕೊಡ್ತಾನೆ. ಕೆಟ್ರೆ ಬೇರೆ ಅಂಕಿ."

"ಸೊನ್ನೆ ಬಂದ್ರೆ ಗೆದ್ದ ಹಾಗಾ? ಅಂಥ ಶಾಲೆಗೆ ಸೇರಿಸಿದ್ರೆ ನಾನೂ ಓದಿ ಮುಂದೆ ಬರ್ತಿದ್ದೆ ಕಣೇ!"

ಅವಳು ನಕ್ಕಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಮುಖದಲ್ಲಿ ರಕ್ತವೇ ಇಲ್ಲ. ಒಬ್ಬ ಬಸ್ ಕಂಡಕ್ಟರರ ದನಿ ಈ ಡಿಸ್ಕಲ್ಲೂ ಇಲ್ಲ, ಆ ಡಿಸ್ಕಲ್ಲೂ ಇಲ್ಲ. ಮರುದಿನವೇ ಅವರ ಆಪರೇಶನ್.

ಮೊದಲಿಂದ ಹೇಳುತ್ತ ಬಂದಳು. "ಸ್ಕ್ರಿಪ್ಟು ನಕಲು ಮಾಡು ಅಂತು. ಅಲ್ಲಿ ಜಾಗ ಇರಲಿಲ್ಲ. ಆಗಲ್ಲ ಅಂತ ಉತ್ತರ ಬಂತು..."

"ಹೂಂ."

ಅವಳು ನಿಲ್ಲಿಸಿದಳು. "ಬಂದ ಉತ್ತರಾನ ಕೇಳಿಸ್ಕೊ ಅಂತ ನಾನು ಬರೆದೇ ಇಲ್ಲ ಅತ್ತೆ. ತಿರುಗಿ ನೋಡದೆ ಅಳಿಸು ಅಂದ್ಬಿಡ್ತು."

ಜೊತೆಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ನಾನೇ ಚಪ್ಪಲಿ ಮೆಟ್ಟಿಕೊಂಡೆ.

ಆಸ್ಪತ್ರೆಯಲ್ಲಿ ಕಂಡಕ್ಟರರು ದಿಂಬಿಗೆ ಒರಗಿದ್ದರು. ಹೆಂಡತಿ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಸೊಸೆ ಡಿಸ್ಕು, ಜಾಗ ಎಂದು ಏನೊಂದನ್ನೂ ಅಡ್ಡ ಹಿಡಿಯಲಿಲ್ಲ. "ನಿಮ್ಮ ದನಿ ಅಳಿಸಿಹೋಗಿದೆ. ತಪ್ಪು ನನ್ನದು," ಎಂದಳು.

"ಅಯ್ಯೋ ತಾಯಿ!" ಹೆಂಡತಿ ಎದ್ದುಬಿಟ್ಟಳು. "ಗಂಟಲು ಹರ್ಕೊಂಡು ಓದಿದಾರೆ. ನಿಮಗೆ ಒಂದು ಗಳಿಗೆ ನೋಡೋಕಾಗಲಿಲ್ವಾ?"

ಕಂಡಕ್ಟರರ ದನಿ ತಗಡು ಎಳೆದಂತೆ ಬಂತು. "ಬಿಡೇ. ಹೋದ ಬಸ್ಸಿಗೆ ಕೈ ತೋರಿಸಿದ್ರೆ ನಿಲ್ಲತ್ತಾ? ಮುಂದಿನದು ಎಷ್ಟೊತ್ತಿಗೆ ಹೇಳಮ್ಮ."

ಮತ್ತೆ ದನಿ ಹಿಡಿಯಲು ಡಾಕ್ಟರು ಅರ್ಧ ಗಂಟೆ ಕೊಟ್ಟರು. ಬೇಕೆಂದ ಮಾತನ್ನೆಲ್ಲ ಯಂತ್ರ ಆಡಬೇಕಾದರೆ ಅಷ್ಟು ಸಾಲದು, ಇವತ್ತು ಬಾಯಿಂದ ಬಂದದ್ದಷ್ಟೇ ಉಳಿಯುತ್ತದೆ. ಅದನ್ನೂ ಸೊಸೆ ಮುಚ್ಚಿಡಲಿಲ್ಲ. ಕಂಡಕ್ಟರರು ಆಸ್ಪತ್ರೆಯವರ ವಾಕ್ಯಗಳ ಹಾಳೆಯನ್ನು ಪಕ್ಕಕ್ಕಿಟ್ಟರು. ತಮ್ಮದೇ ಮಾತುಗಳನ್ನು ಒಂದೊಂದಾಗಿ ಹೇಳಿದರು.

"ಚಿನ್ನಿ, ತಾತನ ಹತ್ರ ಬಾ."

"ಮುಂದೆ ಸರೀರಿ, ಮುಂದೆ ಖಾಲಿ ಇದೆ."

"ಬಾಗಿಲು ಹಾಕ್ಕೋ, ಬರ್ತೀನಿ."

"ನಿಂದು ಊಟ ಆಯ್ತಾ?"

ಇನ್ನೂ ಏನೇನೋ ಹೇಳಿದರು. ಕೊನೆಕೊನೆಗೆ ಬರಿ ಉಸಿರು ಬಂತು.

ಸೊಸೆ ನಕಲಿಗೆ ಕಳಿಸಿ ಕಾದಳು. ಸೊನ್ನೆ ಬಂತು. ಬಂದರೂ ನಂಬದೆ, ಒಂದೊಂದನ್ನೂ ಕಿವಿಗಿಟ್ಟು ಕೇಳಿದಳು. ಅಳಿಸು ಎಂಬ ಸಾಲನ್ನು ಕಿತ್ತುಹಾಕಿದಳು.

ಆಪರೇಶನ್ ಮುಗಿದು ಅವರು ಎದ್ದು ಕೂರುವಂತಾದಾಗ ನಾವಿಬ್ಬರೂ ನೋಡಲು ಹೋದೆವು. ಅವರು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದರು. "ಬಾಗಿಲು ಹಾಕ್ಕೋ, ಬರ್ತೀನಿ," ಎಂದಿತು. ಹೆಂಡತಿ ಇಷ್ಟು ವರ್ಷದ ರೂಢಿಯಂತೆ ಎದ್ದು ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟು ಅಲ್ಲೇ ನಿಂತುಬಿಟ್ಟಳು.

ಅವರು ಇನ್ನೊಂದನ್ನು ಒತ್ತಿದರು. "ನಿಂದು ಊಟ ಆಯ್ತಾ?"

"ಇನ್ನೂ ಇಲ್ಲ," ಎಂದಳು ಅವಳು, ಈಚೆ ತಿರುಗದೆ.