ಬೆಳಂಬಾರದ ಬೈಕೂ ಕಾವಿಗೆ ಕೂತ ಕೋಳಿಯೂ

ಕಾರವಾರದಲ್ಲಿ ನನ್ನಪ್ಪನಿಗೆ ಬೈಕಿನ ಬಿಡಿಭಾಗಗಳ ಅಂಗಡಿಯಿತ್ತು. ಅಪ್ಪನ ನಂತರ ಅದನ್ನು ನಾನೇ ನಡೆಸಿದೆ. ನಟ್ಟು ಬೋಲ್ಟುಗಳ ನಡುವೆಯೇ ಬೆಳೆದ ನನಗೆ ಹಳೆಯ ಗಾಡಿಗಳ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಯಾವುದು ಅಸಲಿ, ಯಾವುದು ಹತ್ತು ಗಾಡಿಗಳ ಕಿಚಡಿ ಎಂದು ಹೇಳುವುದು ಬರಬರುತ್ತ ರೂಢಿಯಾಯಿತು. ಈಗ ಹಳೆ ಬೈಕು ಕೊಳ್ಳುವವರು ಹೆಣ್ಣು ನೋಡಲು ಹಿರಿಯರನ್ನು ಕರೆದೊಯ್ಯುವ ಹಾಗೆ ನನ್ನನ್ನು ಕರೆದೊಯ್ಯುತ್ತಾರೆ. ನನ್ನ ಗಂಡನಿಗೆ ಸೈಕಲ್ಲೂ ಬಾರದು. ಆ ವಿಷಯ ಇಲ್ಲಿ ಬೇಡ.

ಹೋದ ಬೇಸಗೆಯಲ್ಲಿ ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಫೋನು ಮಾಡಿದರು.

"ಮೇಡಂ, ಅಂಕೋಲಾ ಹತ್ತರ ಬೆಳಂಬಾರದಾಗ ಒಂದು ಗಾಡಿ ಐತ್ರಿ. ಚೈನ್ ಇಲ್ಲ, ಚರ್ಮದ ಬೆಲ್ಟು! ಟ್ಯಾಂಕ್ ಚಪ್ಪಟಿ! ಫೋಟೋ ನೋಡಿದಾಗಿಂದ ನನಗ ನಿದ್ದಿ ಇಲ್ಲ."

ಸೈಕಲ್ಲಿಗೆ ಎಂಜಿನ್ ಕಟ್ಟಿ ಓಡಿಸುತ್ತಿದ್ದ ಮೊಟ್ಟಮೊದಲ ಕಾಲದ ಮೋಟರ್‌ಸೈಕಲ್ಲುಗಳು ಹಾಗಿರುತ್ತಿದ್ದವು. ಅಂಥದ್ದು ಒಂದು ನಮ್ಮ ಕಡಲ ಬದಿಯಲ್ಲಿ ಇದ್ದರೆ ನನಗೂ ನಿದ್ದೆ ಹೋಗುವ ಸಂಗತಿಯೇ. ಹೊರಟೆ.

ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರು ಡಾಕ್ಟರು ಕಾಯುತ್ತಿದ್ದರು. ಕಪ್ಪು ಲೆದರ್ ಜಾಕೆಟ್ಟು, ಕೈಗೆ ಗ್ಲೌಸು, ಹಣೆಯಿಂದ ಧಾರೆಧಾರೆಯಾಗಿ ಬೆವರು. ಬಂದದ್ದು ಮಾತ್ರ ಕಾರಿನಲ್ಲಿ.

"ಈ ಸೆಕೆಯಲ್ಲಿ ಇದೆಲ್ಲ ಯಾಕೆ ಡಾಕ್ಟ್ರೇ?"

"ಗಾಡಿಗೆ ಗೌರವ ರೀ," ಎಂದರು.

ಬೆಳಂಬಾರದ ಆ ಮನೆ ಮೀನುಗಾರರದ್ದು. ಸೊಸೆ ತವರಿಗೆ ಹೋಗಿದ್ದರಿಂದ ಆ ದಿನ ಮನೆಯಲ್ಲಿ ಇದ್ದವರು ಇಬ್ಬರು, ಬೋಟಿಗೆ ಹೋಗುವ ಮಗ ಮತ್ತು ಅವನ ತಾಯಿ, ಅವನ ಮಾತಿನಲ್ಲಿ ಆಯಿ. ಆಯಿಯ ಬಾಯಲ್ಲಿ ಉಳಿದಿದ್ದ ಹಲ್ಲು ಎರಡೇ, ಅದೂ ಒಂದು ಮೇಲೆ, ಒಂದು ಕೆಳಗೆ, ಒಂದಕ್ಕೊಂದು ಭೇಟಿಯಾಗದ ಹಾಗೆ. ಮಗ ನಮ್ಮನ್ನು ಹಿತ್ತಲಿನ ಕೊಟ್ಟಿಗೆಗೆ ಕರೆದೊಯ್ದು, ಹರಿದ ಬಲೆಯೊಂದನ್ನು ಸರಿಸಿ, "ನೋಡ್ರಿ ಅಕ್ಕ, ನಮ್ಮ ಅಜ್ಜನ ಕಾಲದ್ದು. ಒಂದು ಸ್ಕ್ರೂ ಸಹ ಬದಲಾಗ್ಲಿಲ್ಲ," ಎಂದ.

ಗೋಡೆಯ ಪಕ್ಕ ನಿಂತಿದ್ದ ಗಾಡಿಯನ್ನು ಕಂಡು ಡಾಕ್ಟರು ಕೈಮುಗಿದರು. ನಾನು ಬಗ್ಗಿ ಹ್ಯಾಂಡಲ್ಲಿನ ಬುಡ ನೋಡಿದೆ. ಸ್ಕ್ರೂ ತಲೆಯ ಮೇಲೆ ಪ್ಲಸ್ ಗುರುತು ಇತ್ತು. ಆ ಕಾಲದ ಗಾಡಿಯಲ್ಲಿ ಇರಬೇಕಾದದ್ದು ಬರೀ ಒಂದು ಗೆರೆ.

"ಇದು ಬದಲಾಗಿದೆಯಲ್ಲ," ಎಂದೆ.

"ಸಾಧ್ಯವೇ ಇಲ್ಲ!" ಎಂದ ಮಗ.

"ಅದು ನಮ್ಮನೆ ಫ್ಯಾನಿಂದು," ಬಾಗಿಲಲ್ಲಿ ನಿಂತಿದ್ದ ಆಯಿ ಖುಷಿಯಿಂದ ಹೇಳಿದರು. "ಫ್ಯಾನು ಬಿದ್ದು ಹಾಳಾಯ್ತಲ್ಲ, ಆಗ ಇವನೇ ತೆಗ್ದು ಹಾಕ್ದ."

"ಆಯಿ, ನೀ ಒಳಗೆ ಹೋಗು."

ಆಯಿ ಹೋಗಲಿಲ್ಲ. ಕೂರಲು ಮಣೆ ತಂದುಕೊಂಡರು.

ಟ್ಯಾಂಕಿನ ಅಡಿಯ ಬಣ್ಣವನ್ನು ಉಗುರಿನಿಂದ ಕೆರೆದೆ. ಒಳಗಿಂದ ಒಂದು ತೆಂಗಿನ ಮರದ ಚಿತ್ರ ಹೊರಬಂತು. "ಎಣ್ಣೆ ಡಬ್ಬಿ," ಎಂದರು ಆಯಿ. ಕೊಳವೆಗಳ ಕೂಡುಗಳನ್ನು ನೋಡಿದೆ. ಹಳೆಯ ಫ್ರೇಮುಗಳನ್ನು ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಇಲ್ಲಿ ಇರುವೆ ಸಾಲು ಹೊರಟ ಹಾಗೆ ದಪ್ಪ ವೆಲ್ಡಿಂಗು. "ಅದು ಬೈತಖೋಲ ಬಂದರಲ್ಲಿ ಬೋಟಿಗೆ ವೆಲ್ಡಿಂಗ್ ಮಾಡವ ಮಾಡ್ಕೊಟ್ಟದ್ದು. ಒಳ್ಳೆ ಕೆಲಸಗಾರ," ಎಂದರು ಮತ್ತೆ ಆಯಿ.

ಡಾಕ್ಟರ ಮುಖದಲ್ಲಿ ಬೆವರು ಯಾವುದು, ಕಣ್ಣೀರು ಯಾವುದು ತಿಳಿಯುತ್ತಿರಲಿಲ್ಲ. "ಯಾಕ್ರೀ ಅಮ್ಮಾರ, ಇಷ್ಟೆಲ್ಲಾ ಯಾಕ ಬದಲಿ ಮಾಡಿದ್ರಿ?"

"ಸಮುದ್ರಕ್ಕೆ ಬಿದ್ದ ಗಾಡಿ ಅಲ್ವಾ ಡಾಕ್ಟ್ರೆ!"

ಆಗ ಆಯಿ ಎಲ್ಲ ಕತೆ ಬಿಚ್ಚಿದರು. ಅವರ ಮಾವ ಬೈತಖೋಲದಲ್ಲಿ ಹಡಗಿಗೆ ಸರಕು ಹೇರುವ ಕೆಲಸದಲ್ಲಿದ್ದಾಗ ಯಾರೋ ಬಿಳಿ ದೊರೆ ಊರಿಗೆ ಮರಳುವ ಮುಂಚೆ ಗಾಡಿಯನ್ನು ಅವರಿಗೆ ಕೊಟ್ಟು ಹೋಗಿದ್ದ. ಶುರು ಮಾಡುವುದು ಹೇಗೆಂದು ತೋರಿಸಿದ್ದನಂತೆ, ನಿಲ್ಲಿಸುವುದು ಹೇಗೆಂದು ಹೇಳಿರಲಿಲ್ಲ. ಮಾವ ಬೆಳಂಬಾರದ ದಂಡೆಯ ಮೇಲೆ ಗಾಡಿ ಹತ್ತಿದರು. ಆಚೆ ತುದಿಯಲ್ಲಿ ಬಂಡೆ, ಈಚೆ ಒಣಹಾಕಿದ ಮೀನು, ಮೀನಿನ ಪಕ್ಕ ಹೆಂಡತಿ. ಮೂರರಲ್ಲಿ ಯಾವುದಕ್ಕೂ ಗುದ್ದುವ ಧೈರ್ಯ ಸಾಲದೆ ನೀರಿಗೇ ತಿರುಗಿಸಿದರು. ಇಳಿತದ ಹೊತ್ತಿಗೆ ಊರಿನವರು ಹಗ್ಗ ಕಟ್ಟಿ ಎಳೆದು ತಂದರಂತೆ. ಆಮೇಲೆ ಒಂದೊಂದೇ ಭಾಗ ತುಕ್ಕು ಹಿಡಿದು ಉದುರಿತು, ಉದುರಿದ್ದಕ್ಕೆ ಮನೆಯವರು ಸಿಕ್ಕಿದ್ದನ್ನು ಹಾಕುತ್ತ ಹೋದರು.

ಉಳಿದದ್ದು ಎಂಜಿನ್ ಒಂದು. ಅದರ ನಂಬರಾದರೂ ಅಸಲಿಯೋ ನೋಡೋಣವೆಂದರೆ, ನಂಬರಿದ್ದದ್ದು ಗೋಡೆಯ ಕಡೆಗೆ. ಗಾಡಿಗೂ ಗೋಡೆಗೂ ನಡುವೆ ಬೆತ್ತದ ದೊಡ್ಡ ಬುಟ್ಟಿಯೊಂದು ಸಿಕ್ಕಿಕೊಂಡಿತ್ತು. ಬುಟ್ಟಿಯಲ್ಲಿ ಕೆಂಪು ಹೇಂಟೆ ಕೋಳಿಯೊಂದು ಕಾವಿಗೆ ಕೂತು ನಮ್ಮನ್ನು ದುರುಗುಟ್ಟಿ ನೋಡುತ್ತಿತ್ತು.

"ಗಾಡಿ ಅಲ್ಲಾಡಿಸ್ಬೇಡಿ," ಎಂದರು ಆಯಿ. "ಮೊಟ್ಟೆ ಒಡೀವ ಹೊತ್ತು."

"ಆಯಿ, ಕೋಳಿಗೋಸ್ಕರ ವ್ಯಾಪಾರ ಬಿಡೂದಾ?"

"ನಿನ್ನ ಹೊಟ್ಟೇಲಿ ಇಟ್ಕಂಡಾಗ ನನ್ನ ಯಾರೂ ಅಲ್ಲಾಡಿಸ್ಲಿಲ್ಲ."

ಡಾಕ್ಟರು ಯೋಚಿಸಿ, ಓಡಿಹೋಗಿ ಕಾರಿನಿಂದ ತಮ್ಮ ಚೀಲ ತಂದರು. ಅದರಲ್ಲಿ ಬಾಯೊಳಗೆ ಇಟ್ಟು ನೋಡುವ ಪುಟ್ಟ ಕನ್ನಡಿ ಇತ್ತು. ಮಂಡಿಯೂರಿ, ಕೋಳಿಯ ತಲೆಯ ಮೇಲಿಂದ ಕೈ ಚಾಚಿ, ಎಂಜಿನ್ನಿನ ಹಿಂಬದಿಗೆ ಕನ್ನಡಿ ಹಿಡಿದರು. ನಾನು ಟಾರ್ಚು ಹಾಕಿದೆ.

"ಸ್ವಲ್ಪ ಬಾಯಿ ತೆಗೀರಿ," ಎಂದರು ಅಭ್ಯಾಸಬಲದಿಂದ.

ಆಯಿ ಬಾಯಿ ತೆರೆದರು. ಕೋಳಿ ಕುಕ್ಕಿತು. ಗ್ಲೌಸಿಗೂ ಜಾಕೆಟ್ಟಿಗೂ ನಡುವೆ ಬೆರಳಗಲ ಚರ್ಮ ಕಾಣುತ್ತಿತ್ತು, ಸರಿಯಾಗಿ ಅಲ್ಲಿಗೇ. ಡಾಕ್ಟರು ಅರಚುತ್ತಲೇ ನಂಬರು ಓದಿದರು. ಕನ್ನಡಿಯಲ್ಲಿ ತಿರುಗುಮುರುಗಾಗಿ ಕಂಡದ್ದನ್ನು ಒಂದೂ ತಪ್ಪದೆ ಓದಿದ ಅವರ ವೃತ್ತಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ. ನಂಬರೇನೋ ಇತ್ತು. ಆದರೆ ಅದು ಬಹಳ ಈಚಿನ, ಹೊಲಕ್ಕೆ ನೀರೆತ್ತುವ ಪಂಪಿನ ಎಂಜಿನ್ನಿನದು.

ಡಾಕ್ಟರು ಕನ್ನಡಿ ಒರೆಸಿ ಚೀಲಕ್ಕೆ ಹಾಕಿದರು. ಮಗ ನೆಲ ನೋಡಿದ. ನಾನು ಟಾರ್ಚು ಆರಿಸುವವಳಿದ್ದೆ, ಅಷ್ಟರಲ್ಲಿ ಬೆಳಕು ಬುಟ್ಟಿಯ ಅಡಿಗೆ ಬಿತ್ತು. ಬುಟ್ಟಿಗೆ ಕಬ್ಬಿಣದ ಚೌಕಟ್ಟು. ಚೌಕಟ್ಟಿಗೆ ಹಿತ್ತಾಳೆಯಿಂದ ಬೆಸೆದ ಕೂಡುಗಳು. ಒಂದು ಗೆರೆಯ ಸ್ಕ್ರೂಗಳು. ಬದಿಯಲ್ಲಿ ಅಕ್ಷರ ಸವೆದ ಪುಟ್ಟ ಹಿತ್ತಾಳೆ ತಗಡು.

"ಆಯಿ, ಈ ಬುಟ್ಟಿ ಎಲ್ಲಿಂದು?" ಟಾರ್ಚನ್ನು ಇನ್ನೂ ಹತ್ತಿರ ಹಿಡಿದು ಕೇಳಿದೆ.

"ಅದಾ? ಗಾಡಿ ಬದಿಗೆ ಇತ್ತು. ಗಾಡಿ ಬಂದ ದಿನವೇ ನಮ್ಮತ್ತೆ ಬಿಚ್ಚಿಟ್ಕಂಡಿದ್ರು, ಮೀನು ಇಡೂಕೆ. ಆಮೇಲೆ ಒಲೆ ಮೇಲಿನ ಅಟ್ಟದಲ್ಲಿತ್ತು. ಈಗ ಕೋಳಿಗೆ."

ಆ ಕಾಲದಲ್ಲಿ ಬೈಕಿನ ಪಕ್ಕಕ್ಕೆ ಹೆಂಡತಿಯನ್ನು ಕೂರಿಸಿಕೊಂಡು ಹೋಗಲು ಬೆತ್ತದ ಸೈಡ್‌ಕಾರ್ ಕಟ್ಟುತ್ತಿದ್ದರು. ಅಂಥದ್ದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಸಮುದ್ರಕ್ಕೆ ಬೀಳದೆ, ಒಲೆಯ ಹೊಗೆ ಕುಡಿದು ಗೆದ್ದಲು ಹಿಡಿಯದೆ, ಅಪ್ಪಟ ಅಸಲಿಯಾಗಿ ಅದು ಕೋಳಿಯ ಕೆಳಗೆ ಕೂತಿತ್ತು. ಡಾಕ್ಟರಿಗೆ ವಿವರಿಸಿದೆ. ಅವರು ಕೊನೆಗೂ ಜಾಕೆಟ್ಟು ಕಳಚಿದರು.

"ಎಷ್ಟು ಬೇಕು ಹೇಳ್ರಿ ಅಮ್ಮಾರ!"

"ಕೊಡೂದಿಲ್ಲ. ಇದ್ರಲ್ಲಿ ಕೂತ್ರೆ ಒಂದ್ ಮೊಟ್ಟೆಯೂ ಹಾಳಾಗೂದಿಲ್ಲ."

ಮಗ ಬೇಡಿಕೊಂಡ, ಡಾಕ್ಟರು ಬೇಡಿಕೊಂಡರು. ಆಯಿ ಡಾಕ್ಟರ ಬಾಯನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಕೇಳಿದರು, "ನಿಮ್ಮ ಹಲ್ಲು ಒರಿಜಿನಲ್ಲಾ?"

"ಮ್ಯಾಲಿನವು ಎರಡು ಹಾಕಿಸಿದ್ದು ರೀ," ಎಂದು ಡಾಕ್ಟರು ನಾಚಿಕೊಂಡರು.

"ಗೊತ್ತೇ ಆಗೂದಿಲ್ಲ! ನಂಗೂ ಹಾಗೇ ಮಾಡ್ಕೊಡಿ. ಏಡಿ ತಿನ್ನದೆ ವರ್ಷಗಟ್ಲೆ ಆಯ್ತು."

ವ್ಯಾಪಾರ ಅಲ್ಲೇ ಕುದುರಿತು. ಮೊಟ್ಟೆ ಒಡೆದು ಮರಿಗಳು ಅಂಗಳಕ್ಕಿಳಿದ ಮೇಲೆ ಡಾಕ್ಟರು ಅಚ್ಚು ತೆಗೆಯುವ ಸಾಮಾನಿನೊಂದಿಗೆ ಮತ್ತೆ ಬಂದು, ಜಗುಲಿಯಲ್ಲೇ ಆಯಿಯ ದವಡೆಯ ಅಳತೆ ತೆಗೆದರು. ಹಲ್ಲಿನ ಸೆಟ್ಟು ಬಂದ ದಿನ ಬುಟ್ಟಿ ಹುಬ್ಬಳ್ಳಿಗೆ ಹೋಯಿತು. ಅದಕ್ಕೆ ತಕ್ಕ ಬೈಕನ್ನು ಡಾಕ್ಟರು ಇನ್ನೂ ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ಅದು ಅವರ ಪಡಸಾಲೆಯಲ್ಲಿ ಸೋಫಾದ ಪಕ್ಕ ಇದೆಯಂತೆ, ಹೆಂಡತಿ ಮಾತ್ರ ಅದರಲ್ಲಿ ಕೂರಲು ಒಪ್ಪಿಲ್ಲ.

ಆಯಿ ಏಡಿ ತಿನ್ನುತ್ತಿದ್ದಾರೆ. ಮಗನಿಗೆ ಈಗ ಮನೆಯ ಪ್ರತಿ ವಸ್ತುವಿನ ಮೇಲೂ ಅನುಮಾನ. ಒರಳುಕಲ್ಲು, ಲಾಟೀನು, ದೋಣಿಯ ಹುಟ್ಟು, ತೂತುಬಿದ್ದ ಚೆಂಬು, ಎಲ್ಲದರ ಫೋಟೋ ತೆಗೆದು ನನಗೆ ಕಳಿಸುತ್ತಾನೆ: "ಅಕ್ಕ, ಇದು ಆಂಟಿಕ್ ಹೌದಾ?" ಮೊನ್ನೆ ಅವನ ಹೆಂಡತಿಯ ಅಪ್ಪನ ಫೋಟೋ ಬಂತು. ಕೈತಪ್ಪಿ ಬಂದದ್ದೋ, ಇವರೂ ಆಂಟಿಕ್ ಹೌದಾ ಎಂದು ಕೇಳಲೆಂದೇ ಕಳಿಸಿದ್ದೋ ಗೊತ್ತಾಗಲಿಲ್ಲ.